ಪರಿಸರ ಪದವಿ: ಪ್ರಾಸ್ಪೆಕ್ಟಸ್ ಹೇಳುವುದು, ನೇಮಕಾತಿ ನಿಯಮ ಹೇಳದಿರುವುದು

ದ್ವಿತೀಯ ಪಿಯುಸಿ ಫಲಿತಾಂಶ ಹೊರಬಿದ್ದು ಸಿಇಟಿಯ ಆಪ್ಷನ್ ಎಂಟ್ರಿಗೆ ದಿನ ಗೊತ್ತಾಗುವ ಹೊತ್ತಿಗೆ ಬೆಂಗಳೂರಿನ ಮನೆಗಳಲ್ಲಿ ನಡೆಯುವ ಮಾತುಕತೆ ಬಹುಕಾಲ ಒಂದೇ ಪ್ರಶ್ನೆಯ ಸುತ್ತ ಸುತ್ತುತ್ತಿತ್ತು: ಕಂಪ್ಯೂಟರ್ ಸೈನ್ಸ್ ಸೀಟು ಸಿಗುತ್ತದೆಯೇ, ಸಿಗದಿದ್ದರೆ ಮುಂದೇನು. ಈಚೆಗೆ ಕೆಲವು ಮನೆಗಳಲ್ಲಿ ಇದರ ಜೊತೆಗೆ ಬೇರೊಂದು ಮಾತೂ ಏಳುತ್ತಿದೆ. 2018ರ ಜನವರಿಯಲ್ಲಿ ಬೆಳ್ಳಂದೂರು ಕೆರೆಗೆ ಹೊತ್ತಿಕೊಂಡ ಬೆಂಕಿಯನ್ನು ಪ್ರಾಥಮಿಕ ಶಾಲೆಯಲ್ಲಿದ್ದಾಗ ಟಿವಿಯಲ್ಲಿ ನೋಡಿ, 2024ರ ಬೇಸಿಗೆಯಲ್ಲಿ ನೀರಿನ ಟ್ಯಾಂಕರ್‌ಗೆ ಕಾದು ಬೆಳೆದ ಮಕ್ಕಳು ಈಗ ಹದಿನೆಂಟಕ್ಕೆ ಬಂದಿದ್ದಾರೆ. ಅವರಲ್ಲಿ ಒಂದಷ್ಟು ಮಂದಿ, ಕೆಟ್ಟುಹೋಗುತ್ತಿರುವ ಭೂಮಿಯನ್ನು ಸರಿಪಡಿಸುವ ಕೆಲಸಕ್ಕೇ ನೇರವಾಗಿ ಒಯ್ಯುವ ಓದು ಯಾವುದು ಎಂದು ಕೇಳುತ್ತಿದ್ದಾರೆ. ಇದೇ ಹೊತ್ತಿಗೆ ಕಾಲೇಜುಗಳ ಜಾಹೀರಾತುಗಳಲ್ಲೂ ‘ಸುಸ್ಥಿರತೆ’, ‘ಹವಾಮಾನ’, ‘ಹಸಿರು ಉದ್ಯೋಗ’ ಎಂಬ ಪದಗಳು ಎದ್ದು ಕಾಣುತ್ತಿವೆ.

ಪ್ರಶ್ನೆ ಸರಳವಾಗಿದೆ, ಉತ್ತರ ಹಾಗಿಲ್ಲ. ಪದವಿ ಮೂರು ವರ್ಷದ್ದೋ ನಾಲ್ಕು ವರ್ಷದ್ದೋ ಎಂಬುದು ಕರ್ನಾಟಕದಲ್ಲಿ ಮೂರೇ ವರ್ಷಗಳ ಅಂತರದಲ್ಲಿ ಎರಡು ಬಾರಿ ಬದಲಾಗಿದೆ. ಪರಿಸರ ಎಂಬ ಒಂದೇ ಹೆಸರಿನಡಿ ಒಂದಕ್ಕೊಂದು ಸಂಬಂಧವಿಲ್ಲದ ಕೋರ್ಸ್‌ಗಳು ಸೇರಿಕೊಂಡಿವೆ. ಓದು ಮುಗಿಸಿದವರನ್ನು ಕೆಲಸಕ್ಕೆ ತೆಗೆದುಕೊಳ್ಳಬೇಕಾದ ಸರ್ಕಾರಿ ಇಲಾಖೆಗಳ ನಿಯಮಗಳಿಗೂ ಕಾಲೇಜಿನ ಪ್ರಾಸ್ಪೆಕ್ಟಸ್‌ಗಳಿಗೂ ಪರಸ್ಪರ ಪರಿಚಯವೇ ಇದ್ದಂತಿಲ್ಲ. ಗೊಂದಲದ ಬಹುಪಾಲು ಹುಟ್ಟುವುದು ಈ ಕೊನೆಯ ಕಾರಣದಿಂದ.

ಮೂರು ವರ್ಷವೋ, ನಾಲ್ಕು ವರ್ಷವೋ

ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಪದವಿ ತರಗತಿಗಳಲ್ಲಿ ಜಾರಿಗೆ ತಂದ ಮೊದಲ ರಾಜ್ಯವೆಂದು ಕರ್ನಾಟಕ 2021–22ರಲ್ಲಿ ಹೆಸರು ಪಡೆಯಿತು. ಆಗ ನಾಲ್ಕು ವರ್ಷದ ಆನರ್ಸ್ ಪದವಿ ಬಂತು. ಹಿಂದಿನ ಮೂರು ಐಚ್ಛಿಕ ವಿಷಯಗಳ ಜಾಗದಲ್ಲಿ ಎರಡು ಪ್ರಧಾನ ವಿಷಯಗಳು ಬಂದವು. 2023ರಲ್ಲಿ ಸರ್ಕಾರ ಬದಲಾದ ಮೇಲೆ ಪ್ರೊ. ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗ ರಚನೆಯಾಯಿತು. ಆಯೋಗದ ಮಧ್ಯಂತರ ವರದಿಯನ್ನು ಆಧರಿಸಿ 2024ರ ಮೇ ತಿಂಗಳಲ್ಲಿ ಸರ್ಕಾರ ನಾಲ್ಕು ವರ್ಷದ ಪದ್ಧತಿಯನ್ನು ಕೈಬಿಟ್ಟಿತು. 2024–25ರಿಂದ ಮೂರು ವರ್ಷದ ಪದವಿ, ಮೂರು ಪ್ರಧಾನ ವಿಷಯಗಳ ಪದ್ಧತಿ ಮರಳಿ ಬಂತು. ಆಯೋಗದ ಅಂತಿಮ ವರದಿ 2025ರ ಆಗಸ್ಟ್‌ನಲ್ಲಿ ಸರ್ಕಾರದ ಕೈಸೇರಿದೆ.

ಇದು ಸರ್ಕಾರಿ ವಿಶ್ವವಿದ್ಯಾಲಯಗಳ ಮತ್ತು ಅವುಗಳಿಗೆ ಸೇರಿದ ಕಾಲೇಜುಗಳ ಮಾತು. ಹಲವು ಖಾಸಗಿ ಮತ್ತು ಡೀಮ್ಡ್ ವಿಶ್ವವಿದ್ಯಾಲಯಗಳು ನಾಲ್ಕು ವರ್ಷದ ಪದವಿಯನ್ನೇ ಮುಂದುವರಿಸಿವೆ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧನಾ ಪದವಿ 2011ರಲ್ಲಿ ಆರಂಭವಾದಾಗಿನಿಂದಲೂ ನಾಲ್ಕು ವರ್ಷದ್ದು. ಕೃಷಿ ಮತ್ತು ಅರಣ್ಯಶಾಸ್ತ್ರದ ಬಿ.ಎಸ್ಸಿ. ಪದವಿಗಳೂ ನಾಲ್ಕು ವರ್ಷದವೇ, ಎಂಜಿನಿಯರಿಂಗ್ ಹೇಗೂ ನಾಲ್ಕು ವರ್ಷ. ಹೀಗಾಗಿ ಒಂದೇ ಬೀದಿಯ ಇಬ್ಬರು ವಿದ್ಯಾರ್ಥಿಗಳು ಒಂದೇ ಉದ್ದೇಶದಿಂದ ಓದಲು ಹೊರಟರೂ, ಒಬ್ಬರು ಮೂರು ವರ್ಷದಲ್ಲಿ ಹೊರಬರುತ್ತಾರೆ, ಇನ್ನೊಬ್ಬರು ನಾಲ್ಕರಲ್ಲಿ.

ಈ ಒಂದು ವರ್ಷದ ವ್ಯತ್ಯಾಸ ಯಾಕೆ ಮುಖ್ಯವೆಂದರೆ, ಪರಿಸರದ ಓದಿನಲ್ಲಿ ಕೊನೆಯ ವರ್ಷವೇ ಹೊರಾಂಗಣದ ವರ್ಷ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮಳೆಗಾಲದಲ್ಲಿ ಒಮ್ಮೆ, ಅದು ಮುಗಿದ ಮೇಲೆ ಮತ್ತೊಮ್ಮೆ ಕೆರೆಯ ನೀರನ್ನು ಪರೀಕ್ಷಿಸದೆ ಆ ಕೆರೆಯ ಬಗ್ಗೆ ಏನನ್ನೂ ಹೇಳಲಾಗದು; ಇದು ಒಂದು ಸೆಮಿಸ್ಟರಿಗೆ ಹಿಡಿಯುವ ಕೆಲಸವಲ್ಲ. ಇನ್ನೊಂದು ಕಡೆ, ನಾಲ್ಕನೆಯ ವರ್ಷದ ಶುಲ್ಕ, ಬಾಡಿಗೆ, ಊಟದ ಖರ್ಚನ್ನು ಹೊರಲಾಗದ ಮನೆಗಳಿಗೆ ಮೂರು ವರ್ಷದ ಪದವಿಯೇ ಆಸರೆ ಎಂಬ ವಾದವನ್ನೂ ತಳ್ಳಿಹಾಕುವಂತಿಲ್ಲ. ಬೋಧಕರಿಲ್ಲದೆ, ಪ್ರಯೋಗಾಲಯವಿಲ್ಲದೆ ನಾಲ್ಕನೆಯ ವರ್ಷವನ್ನು ಹೆಸರಿಗೆ ಮಾತ್ರ ನಡೆಸುವ ಕಾಲೇಜಿನಲ್ಲಿ ಅದರಿಂದ ಯಾವ ಲಾಭವೂ ಇಲ್ಲ.

ಎಲ್ಲರಿಗೂ ಒಂದು ಚಮಚ

ಪರಿಸರ ಶಿಕ್ಷಣವನ್ನು ಕಡ್ಡಾಯ ಮಾಡಿದ್ದು ಸರ್ಕಾರವಲ್ಲ, ನ್ಯಾಯಾಲಯ. ವಕೀಲ ಎಂ.ಸಿ. ಮೆಹ್ತಾ ಹೂಡಿದ್ದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 1991ರ ನವೆಂಬರ್‌ನಲ್ಲಿ, ಶಿಕ್ಷಣದ ಎಲ್ಲ ಹಂತಗಳಲ್ಲೂ ಪರಿಸರವನ್ನು ಬೋಧಿಸಬೇಕೆಂದು ನಿರ್ದೇಶನ ನೀಡಿತು. ಅದು ಹನ್ನೆರಡು ವರ್ಷ ಸರಿಯಾಗಿ ಪಾಲನೆಯಾಗದ ಕಾರಣ 2003ರ ಡಿಸೆಂಬರ್‌ನಲ್ಲಿ ಮತ್ತೊಮ್ಮೆ ಆದೇಶಿಸಬೇಕಾಯಿತು. ಅದರ ಫಲವಾಗಿ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಎಲ್ಲ ಪದವಿ ವಿದ್ಯಾರ್ಥಿಗಳಿಗೂ ಆರು ತಿಂಗಳ ಪಠ್ಯವೊಂದನ್ನು ರೂಪಿಸಿತು. ಕಾಲೇಜಿನ ಕಾರಿಡಾರುಗಳಲ್ಲಿ ‘ಇವಿಎಸ್’ ಎಂದು ಕರೆಸಿಕೊಳ್ಳುವ ಪೇಪರ್ ಇದೇ.

ಉದ್ದೇಶ ದೊಡ್ಡದಿತ್ತು, ನಡೆದದ್ದು ಬೇರೆ. ವಾಣಿಜ್ಯ, ಕಲೆ, ಎಂಜಿನಿಯರಿಂಗ್ ಎನ್ನದೆ ಎಲ್ಲರಿಗೂ ಒಂದೇ ಪಾಠ ಎಂದಾಗ ಅದನ್ನು ಯಾರು ಹೇಳಬೇಕೆಂಬ ಪ್ರಶ್ನೆಗೆ ಕಾಲೇಜುಗಳು ಕಂಡುಕೊಂಡ ಉತ್ತರವೆಂದರೆ, ವಾರದಲ್ಲಿ ಯಾರಿಗೆ ಬಿಡುವಿದೆಯೋ ಅವರು. ಓಝೋನ್ ಪದರ, ಆಮ್ಲಮಳೆ, ಚಿಪ್ಕೊ ಚಳವಳಿ ಎಂಬ ಕ್ರಮದಲ್ಲಿ ನೋಟ್ಸ್ ಬರೆಸಿ, ಪಾಸಾದರೆ ಸಾಕು ಎನ್ನುವ ಪೇಪರ್ ಆಗಿ ಅದು ಉಳಿಯಿತು. ಯುಜಿಸಿ 2023ರಲ್ಲಿ ಹೊಸ ಚೌಕಟ್ಟನ್ನು ಪ್ರಕಟಿಸಿ, ಅದಕ್ಕೆ ನಾಲ್ಕು ಕ್ರೆಡಿಟ್ ಕೊಟ್ಟು, ಹವಾಮಾನ ಬದಲಾವಣೆ, ಜೀವವೈವಿಧ್ಯ, ತ್ಯಾಜ್ಯ ನಿರ್ವಹಣೆಗಳ ಜೊತೆ ಕ್ಷೇತ್ರಕಾರ್ಯವನ್ನೂ ಸೇರಿಸಿತು. ಕಾಗದದ ಮೇಲೆ ಇದು ಹಿಂದಿನದಕ್ಕಿಂತ ಖಂಡಿತ ಮೇಲು. ಆದರೆ ಎಲ್ಲರಿಗೂ ಒಂದು ಚಮಚ ಕುಡಿಸುವ ಈ ನೀತಿಯಿಂದ ಹೊರಬರುವುದು ತಿಳಿವಳಿಕೆಯುಳ್ಳ ನಾಗರಿಕರು; ಕೆರೆಯನ್ನೋ ಕಾಡನ್ನೋ ಕಾರ್ಖಾನೆಯ ಹೊಗೆಯನ್ನೋ ನೋಡಿಕೊಳ್ಳಬಲ್ಲ ಕಸುಬುದಾರರು ಬೇರೆ ಕಡೆಯಿಂದ ಬರಬೇಕು.

ಒಂದೇ ಹೆಸರು, ಹಲವು ಓದು

ಬೆಂಗಳೂರಿನಲ್ಲಿ ಕುಳಿತು ನೋಡುವ ವಿದ್ಯಾರ್ಥಿಗೆ ಕಾಣುವ ದಾರಿಗಳು ಕಡಿಮೆಯೇನಲ್ಲ. ಜ್ಞಾನಭಾರತಿಯ ಬೆಂಗಳೂರು ವಿಶ್ವವಿದ್ಯಾಲಯ, ಮೈಸೂರು, ಕುವೆಂಪು ವಿಶ್ವವಿದ್ಯಾಲಯಗಳಲ್ಲಿ ಪರಿಸರ ವಿಜ್ಞಾನದ ಎಂ.ಎಸ್ಸಿ. ಇದೆ. ಶಿರಸಿ ಮತ್ತು ಪೊನ್ನಂಪೇಟೆಯಲ್ಲಿ ಅರಣ್ಯ ಮಹಾವಿದ್ಯಾಲಯಗಳಿವೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಆವರಣವಾದ ಜಿಕೆವಿಕೆಯ ಕೃಷಿ ಪದವಿಯನ್ನು ಪರಿಸರದ ಓದು ಎಂದು ಯಾರೂ ಕರೆಯುವುದಿಲ್ಲ, ಆದರೆ ಮಣ್ಣು, ನೀರು, ಬೆಳೆ, ಹವಾಮಾನಗಳನ್ನು ಒಟ್ಟಿಗೆ ಕಲಿಸಿ, ಕೊನೆಯ ವರ್ಷದಲ್ಲಿ ವಿದ್ಯಾರ್ಥಿಗಳನ್ನು ತಿಂಗಳುಗಟ್ಟಲೆ ಹಳ್ಳಿಯಲ್ಲೇ ಉಳಿಸಿ ರೈತರ ಜೊತೆ ಕೆಲಸಕ್ಕೆ ಹಚ್ಚುವ ಪದವಿ ಅದೊಂದೇ ಎಂದರೂ ತಪ್ಪಾಗದು. ಸಿಇಟಿಯಲ್ಲಿ ಕೃಷಿಕರ ಮಕ್ಕಳ ಕೋಟಾಕ್ಕೆ ಬೀಜ, ಗೊಬ್ಬರ, ಸಲಕರಣೆಗಳನ್ನು ಗುರುತಿಸುವ ಪ್ರಾಯೋಗಿಕ ಪರೀಕ್ಷೆಯೂ ಇರುವುದರಿಂದ, ಅಂಕಪಟ್ಟಿಯಲ್ಲಿ ಕಾಣದ ತಿಳಿವಳಿಕೆಗೆ ಬೆಲೆ ಸಿಗುವ ಅಪರೂಪದ ಪ್ರವೇಶ ವ್ಯವಸ್ಥೆಯೂ ಇದೇ.

ಸ್ನಾತಕೋತ್ತರ ಹಂತದಲ್ಲಿ ಬೆಂಗಳೂರು ದೇಶದ ಬೇರೆ ನಗರಗಳಿಗಿಂತ ಮುಂದಿದೆ. ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರ ಮುಂದಾಳತ್ವದಲ್ಲಿ 1983ರಲ್ಲಿ ಆರಂಭವಾದ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರ, ಅಲ್ಲಿಯೇ 2009ರಲ್ಲಿ ಹುಟ್ಟಿದ ದಿವೇಚಾ ಹವಾಮಾನ ಬದಲಾವಣೆ ಕೇಂದ್ರ, ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ (ಎನ್‌ಸಿಬಿಎಸ್) 2004ರಿಂದ ನಡೆಯುತ್ತಿರುವ ವನ್ಯಜೀವಿ ವಿಜ್ಞಾನ ಮತ್ತು ಸಂರಕ್ಷಣೆಯ ಎಂ.ಎಸ್ಸಿ., 1996ರಲ್ಲಿ ಸ್ಥಾಪನೆಯಾದ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀ, ಎಲ್ಲವೂ ಒಂದೇ ನಗರದಲ್ಲಿವೆ. ಗಮನಿಸಬೇಕಾದದ್ದು, ಇವುಗಳಲ್ಲಿ ಹೆಚ್ಚಿನವು ಒಳಗೆ ಬರುವ ವಿದ್ಯಾರ್ಥಿಯ ಪದವಿ ಪರಿಸರದ್ದೇ ಆಗಿರಬೇಕೆಂದು ಕೇಳುವುದಿಲ್ಲ. ಭೌತಶಾಸ್ತ್ರ ಓದಿದವರು ಮುಂಗಾರಿನ ಮೇಲೆ, ಗಣಿತ ಓದಿದವರು ಪ್ರಾಣಿಗಳ ಸಂಖ್ಯೆಯ ಮೇಲೆ ಕೆಲಸ ಮಾಡುತ್ತಾರೆ.

ಬಾಗಿಲು ಕಾಯುವ ನಿಯಮಗಳು

ಪ್ರಾಸ್ಪೆಕ್ಟಸ್‌ನಲ್ಲಿ ಎಲ್ಲಿಯೂ ಸಿಗದ, ಆದರೆ ಆಯ್ಕೆಗೆ ಮುಂಚೆ ಓದಲೇಬೇಕಾದ ದಾಖಲೆಯೊಂದಿದೆ: ಇಲಾಖೆಗಳ ವೃಂದ ಮತ್ತು ನೇಮಕಾತಿ ನಿಯಮ. ಯಾವ ಹುದ್ದೆಗೆ ಯಾವ ಪದವಿ ಬೇಕೆಂದು ನಿರ್ಧರಿಸುವುದು ಅದು. ಪರಿಸರ ಕೆಡದಂತೆ ಕಾಯುವ ಅಧಿಕಾರ, ಅಂದರೆ ಕಾರ್ಖಾನೆಗೆ ನೋಟಿಸ್ ಕೊಡುವ, ಒತ್ತುವರಿ ತಡೆಯುವ, ಮರ ಕಡಿಯಲು ಅನುಮತಿ ನಿರಾಕರಿಸುವ ಅಧಿಕಾರ ಇರುವುದು ಸರ್ಕಾರಿ ಹುದ್ದೆಗಳಲ್ಲಿ. ಆ ಹುದ್ದೆಗಳ ಬಾಗಿಲಲ್ಲಿ ಪರಿಸರ ವಿಜ್ಞಾನದ ಪದವೀಧರರು ಎಷ್ಟೋ ಬಾರಿ ಹೊರಗೇ ನಿಲ್ಲಬೇಕಾಗುತ್ತದೆ.

ಭಾರತೀಯ ಅರಣ್ಯ ಸೇವೆಯನ್ನೇ ನೋಡೋಣ. ಯುಪಿಎಸ್‌ಸಿ ನಡೆಸುವ ಈ ಪರೀಕ್ಷೆಗೆ ಕೂರಲು ಪಶುಸಂಗೋಪನೆ ಮತ್ತು ಪಶುವೈದ್ಯ, ಸಸ್ಯಶಾಸ್ತ್ರ, ರಸಾಯನಶಾಸ್ತ್ರ, ಭೂವಿಜ್ಞಾನ, ಗಣಿತ, ಭೌತಶಾಸ್ತ್ರ, ಸಂಖ್ಯಾಶಾಸ್ತ್ರ, ಪ್ರಾಣಿಶಾಸ್ತ್ರ ಇವುಗಳಲ್ಲಿ ಒಂದನ್ನಾದರೂ ಪದವಿಯಲ್ಲಿ ಓದಿರಬೇಕು, ಇಲ್ಲವೇ ಕೃಷಿ, ಅರಣ್ಯಶಾಸ್ತ್ರ ಅಥವಾ ಎಂಜಿನಿಯರಿಂಗ್ ಪದವಿ ಇರಬೇಕು. ಈ ಪಟ್ಟಿಯಲ್ಲಿ ಪರಿಸರ ವಿಜ್ಞಾನದ ಹೆಸರಿಲ್ಲ. ಕಂಪ್ಯೂಟರ್ ಎಂಜಿನಿಯರ್ ಒಬ್ಬರು ದೇಶದ ಕಾಡುಗಳ ಹೊಣೆ ಹೊರುವ ಪರೀಕ್ಷೆ ಬರೆಯಬಹುದು. ಬರೀ ಪರಿಸರ ವಿಜ್ಞಾನವನ್ನೇ ಏಕೈಕ ಪ್ರಧಾನ ವಿಷಯವಾಗಿ ಓದಿದವರು ಅರ್ಜಿಯನ್ನೇ ಹಾಕಲಾರದ ಸ್ಥಿತಿ ಬರಬಹುದು.

ಮೂರು ವಿಷಯಗಳ ಪದ್ಧತಿ ಮರಳಿ ಬಂದದ್ದರ, ಯಾರೂ ಉದ್ದೇಶಿಸದ ಒಂದು ಅನುಕೂಲ ಇಲ್ಲಿ ಕಾಣುತ್ತದೆ. ರಸಾಯನಶಾಸ್ತ್ರ, ಸಸ್ಯಶಾಸ್ತ್ರಗಳ ಜೊತೆ ಪರಿಸರ ವಿಜ್ಞಾನವನ್ನು ಮೂರನೆಯ ವಿಷಯವಾಗಿ ಓದಿದ ವಿದ್ಯಾರ್ಥಿಗೆ ಅರಣ್ಯ ಸೇವೆಯ ಬಾಗಿಲು ತೆರೆದೇ ಇರುತ್ತದೆ. ರಸಾಯನಶಾಸ್ತ್ರದಲ್ಲೋ ಸಸ್ಯಶಾಸ್ತ್ರದಲ್ಲೋ ಎಂ.ಎಸ್ಸಿ.ಗೆ ಹೋಗುವ ದಾರಿಯೂ ಉಳಿಯುತ್ತದೆ. ಇದೇ ವಿದ್ಯಾರ್ಥಿ ನಾಲ್ಕು ವರ್ಷ ಸುಸ್ಥಿರತೆಯ ಹೆಸರಿನ ಪದವಿಯೊಂದನ್ನು ದುಬಾರಿ ಶುಲ್ಕ ಕೊಟ್ಟು ಮುಗಿಸಿದರೆ, ಅಂಕಪಟ್ಟಿಯಲ್ಲಿ ಪಟ್ಟಿಯೊಳಗಿನ ವಿಷಯ ಯಾವುದಿದೆ ಎಂದು ಹುಡುಕುತ್ತ ಕೂರಬೇಕಾಗಬಹುದು.

ರಾಜ್ಯಮಟ್ಟದಲ್ಲೂ ಚಿತ್ರ ಹೆಚ್ಚು ಬೇರೆಯಲ್ಲ. ನಗರಸಭೆ, ಪುರಸಭೆಗಳಲ್ಲಿ ಪರಿಸರ ಎಂಜಿನಿಯರ್ ಎಂಬ ಹುದ್ದೆಯಿದೆ. ಊರಿನ ಕಸವಿಲೇವಾರಿಯ ಹೊಣೆ ಅವರದು. ಹೆಸರೇ ಹೇಳುವಂತೆ ಅದಕ್ಕೆ ಎಂಜಿನಿಯರಿಂಗ್ ಪದವಿ ಬೇಕು. ವಲಯ ಅರಣ್ಯಾಧಿಕಾರಿ ಹುದ್ದೆಗಳ ನೇಮಕದಲ್ಲಿ ಅರಣ್ಯಶಾಸ್ತ್ರ ಪದವೀಧರರಿಗೆ ಎಷ್ಟು ಪಾಲು ಮೀಸಲಿಡಬೇಕು ಎಂಬುದರ ಮೇಲೆ ಶಿರಸಿ ಮತ್ತು ಪೊನ್ನಂಪೇಟೆಯ ವಿದ್ಯಾರ್ಥಿಗಳು ತರಗತಿ ಬಿಟ್ಟು ಪ್ರತಿಭಟನೆಗೆ ಕೂತದ್ದೂ ಇದೆ. ನಾಲ್ಕು ವರ್ಷ ಕಾಡನ್ನೇ ಓದಿದವರು ಕಾಡಿನ ಕೆಲಸಕ್ಕಾಗಿ ಬೀದಿಗಿಳಿಯಬೇಕಾಗುವುದು ವಿಚಿತ್ರವೆನಿಸಬಹುದು, ಆದರೆ ಅವರ ಆತಂಕದ ಮೂಲ ಇದೇ ನಿಯಮ.

ಇನ್ನು ಮಾಲಿನ್ಯ ನಿಯಂತ್ರಣ ಮಂಡಳಿಗಳು. 1974ರ ಜಲ ಕಾಯ್ದೆಯಿಂದ ಹುಟ್ಟಿದ ಈ ಮಂಡಳಿಗಳಲ್ಲಿ ದೇಶದುದ್ದಕ್ಕೂ ಮಂಜೂರಾದ ಹುದ್ದೆಗಳ ಪೈಕಿ ಹೆಚ್ಚೂಕಡಿಮೆ ಅರ್ಧದಷ್ಟು ಖಾಲಿ ಬಿದ್ದಿರುವ ಸಂಗತಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದೆಯೇ ಬಂದಿದೆ. ಇಲ್ಲಿ ಕಾರಣ ಮತ್ತು ಪರಿಣಾಮದ ಸರಪಳಿ ಹೀಗೆ ಸಾಗುತ್ತದೆ: ಹುದ್ದೆ ತುಂಬದ ಕಾರಣ ಪರಿಸರ ಓದಿದವರಿಗೆ ಕೆಲಸವಿಲ್ಲ, ಕೆಲಸವಿಲ್ಲದ ಕಾರಣ ಆ ಕೋರ್ಸಿಗೆ ವಿದ್ಯಾರ್ಥಿಗಳಿಲ್ಲ, ವಿದ್ಯಾರ್ಥಿಗಳಿಲ್ಲದ ಕಾರಣ ಕಾಲೇಜು ಪೂರ್ಣಾವಧಿ ಬೋಧಕರನ್ನು ನೇಮಿಸದೆ ಅತಿಥಿ ಉಪನ್ಯಾಸಕರಿಂದ ನಡೆಸುತ್ತದೆ, ಹಾಗೆ ನಡೆಸಿದ ಕೋರ್ಸಿನಿಂದ ಹೊರಬಂದವರ ಕಲಿಕೆ ಸಾಲದೆಂದು ನೇಮಕಾತಿ ನಿಯಮ ಬದಲಿಸಲು ಇಲಾಖೆ ಹಿಂಜರಿಯುತ್ತದೆ. ಈ ಸುತ್ತನ್ನು ಎಲ್ಲಿಂದಾದರೂ ಕತ್ತರಿಸಬಹುದಾದರೆ ಅದು ಹುದ್ದೆ ತುಂಬುವ ಕಡೆಯಿಂದ. ಪಠ್ಯಕ್ರಮದ ಹೆಸರು ಬದಲಿಸುವ ಕಡೆಯಿಂದ ಖಂಡಿತ ಅಲ್ಲ.

ಬೋಧನೆ ಮತ್ತು ಸಂಶೋಧನೆಯ ಬಾಗಿಲು ಮಾತ್ರ ಸ್ವಲ್ಪ ತೆರೆದಿದೆ. ಯುಜಿಸಿಯ ನೆಟ್ ಪರೀಕ್ಷೆಯಲ್ಲಿ ಪರಿಸರ ವಿಜ್ಞಾನ ಪ್ರತ್ಯೇಕ ವಿಷಯ. ಗೇಟ್ ಪರೀಕ್ಷೆಯಲ್ಲಿ 2021ರಿಂದ ಪರಿಸರ ವಿಜ್ಞಾನ ಮತ್ತು ಎಂಜಿನಿಯರಿಂಗ್‌ಗೆ ಬೇರೆಯೇ ಪೇಪರ್ ಇದೆ.

ಕಂಪನಿಗಳು ಕೇಳುತ್ತಿರುವುದು

ಖಾಸಗಿ ವಲಯದಲ್ಲಿ ಬೇಡಿಕೆ ಹುಟ್ಟಿರುವುದು ನಿಜ, ಅದಕ್ಕೆ ಕಾರಣವೂ ಸ್ಪಷ್ಟ. ಷೇರುಪೇಟೆಯಲ್ಲಿ ನೋಂದಾಯಿತವಾದ, ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1,000 ಕಂಪನಿಗಳು ತಮ್ಮ ನೀರು, ಶಕ್ತಿ, ತ್ಯಾಜ್ಯ, ಇಂಗಾಲದ ಲೆಕ್ಕವನ್ನು ವರ್ಷಕ್ಕೊಮ್ಮೆ ಒಪ್ಪಿಸಬೇಕೆಂದು ಷೇರುಪೇಟೆಯ ನಿಯಂತ್ರಕ ಸೆಬಿ 2022–23ರಿಂದ ಕಡ್ಡಾಯ ಮಾಡಿತು. ಯುರೋಪಿನ ಒಕ್ಕೂಟ ಆಮದಾಗುವ ಉಕ್ಕು, ಅಲ್ಯೂಮಿನಿಯಂ, ಸಿಮೆಂಟ್, ಗೊಬ್ಬರ ಮುಂತಾದವುಗಳ ಮೇಲೆ ಇಂಗಾಲದ ಸುಂಕ ಹಾಕುವ ವ್ಯವಸ್ಥೆಯನ್ನು 2023ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕವಾಗಿ ಆರಂಭಿಸಿ 2026ರ ಜನವರಿಯಿಂದ ಪೂರ್ಣವಾಗಿ ಜಾರಿಗೆ ತಂದಿತು. ಬಳ್ಳಾರಿ ಸೀಮೆಯಲ್ಲಿ ತಯಾರಾದ ಉಕ್ಕು ಯುರೋಪಿನ ಬಂದರು ಮುಟ್ಟಬೇಕಾದರೆ ಅದರ ಹಿಂದಿನ ಹೊಗೆಯ ಲೆಕ್ಕವೂ ಜೊತೆಗೆ ಹೋಗಬೇಕು. ಬೆಂಗಳೂರಿನ ಕಚೇರಿಗಳಲ್ಲಿ ‘ಇಎಸ್‌ಜಿ ಅನಲಿಸ್ಟ್’ ಎಂಬ ಹುದ್ದೆ (ಕಂಪನಿಯ ಪರಿಸರ, ಸಾಮಾಜಿಕ, ಆಡಳಿತ ಹೊಣೆಗಳ ಲೆಕ್ಕ ನೋಡುವವರು) ಕಾಣಿಸಿಕೊಂಡದ್ದರ ಹಿನ್ನೆಲೆ ಇದು.

ಈ ಕೆಲಸದ ದಿನಚರಿ ಜಾಹೀರಾತಿನ ಚಿತ್ರದಂತೆ ಹಸಿರಾಗಿರುವುದಿಲ್ಲ. ಹನ್ನೆರಡು ಶಾಖೆಗಳ ವಿದ್ಯುತ್ ಬಿಲ್ ತರಿಸಿಕೊಂಡು, ಯೂನಿಟ್ಟುಗಳನ್ನು ಕೂಡಿಸಿ, ಕೇಂದ್ರ ವಿದ್ಯುತ್ ಪ್ರಾಧಿಕಾರ ಪ್ರಕಟಿಸುವ ದರದಿಂದ, ಅಂದರೆ ಯೂನಿಟ್ಟಿಗೆ ಸುಮಾರು 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್‌ನಂತೆ, ಗುಣಿಸಿ ಎಕ್ಸೆಲ್ ಹಾಳೆಯಲ್ಲಿ ತುಂಬುವುದು ಅದರ ದೊಡ್ಡ ಭಾಗ. ಲೆಕ್ಕಪತ್ರ ಬಲ್ಲ ಬಿ.ಕಾಂ. ಪದವೀಧರರು ಇದನ್ನು ಚೆನ್ನಾಗಿಯೇ ಮಾಡುತ್ತಾರೆ. ಲೆಕ್ಕ ಸುಳ್ಳಾದಾಗ ಅದು ಸುಳ್ಳೆಂದು ಹಿಡಿಯಬಲ್ಲವರಿಗೆ ಬೇರೆ ಬಗೆಯ ತಿಳಿವಳಿಕೆ ಬೇಕು. ಜನರೇಟರ್‌ಗೆ ಸುರಿದ ಡೀಸೆಲ್‌ಗೂ ಬಂದ ವಿದ್ಯುತ್ತಿಗೂ ತಾಳೆಯಾಗುತ್ತಿಲ್ಲವೆಂದು ಹೇಳಲು ಎಂಜಿನ್ ಹೇಗೆ ಕೆಲಸ ಮಾಡುತ್ತದೆಂಬುದು ಗೊತ್ತಿರಬೇಕು.

ಬೇಸ್‌ಮೆಂಟಿನಲ್ಲಿ ಅರ್ಧ ಗಂಟೆ

ಭೂಮಿಯ ಸಂಕಟ ಎಂಬ ದೊಡ್ಡ ಮಾತು ಬೆಂಗಳೂರಿನಲ್ಲಿ ಯಾವ ರೂಪ ತಾಳುತ್ತದೆ ಎಂದು ತಿಳಿಯಲು ದೂರ ಹೋಗಬೇಕಿಲ್ಲ. ಯಾವುದಾದರೂ ದೊಡ್ಡ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ಇಳಿದರೆ ಸಾಕು. ಅಲ್ಲಿ ಕೊಳಚೆನೀರು ಸಂಸ್ಕರಣಾ ಘಟಕ, ಅಂದರೆ ಎಲ್ಲರೂ ಕರೆಯುವಂತೆ ಎಸ್‌ಟಿಪಿ ಇರುತ್ತದೆ. ಬ್ಲೋವರ್‌ಗಳು ತೊಟ್ಟಿಯೊಳಕ್ಕೆ ಗಾಳಿ ಊದುತ್ತವೆ, ಆ ಗಾಳಿಯನ್ನು ಉಸಿರಾಡುವ ಬ್ಯಾಕ್ಟೀರಿಯಾಗಳು ಕೊಳೆಯನ್ನು ತಿನ್ನುತ್ತವೆ, ತಿಂದು ಬೆಳೆದ ಬ್ಯಾಕ್ಟೀರಿಯಾಗಳು ಕಂದು ಕೆಸರಾಗಿ ತಳಕ್ಕಿಳಿಯುತ್ತವೆ, ಮೇಲಿನ ತಿಳಿನೀರು ಮುಂದಕ್ಕೆ ಹೋಗುತ್ತದೆ.

ಘಟಕದ ಆರೋಗ್ಯವನ್ನು ತಿಳಿಯುವ ಸರಳ ಪರೀಕ್ಷೆಯೊಂದಿದೆ. ಗಾಳಿ ಊದುವ ತೊಟ್ಟಿಯಿಂದ ಒಂದು ಲೀಟರ್ ನೀರನ್ನು ಅಳತೆಯ ಗಾಜಿನ ಜಾಡಿಗೆ ತುಂಬಿ ಅರ್ಧ ಗಂಟೆ ಅಲುಗಾಡದಂತೆ ಇಡಬೇಕು. ಕೆಸರು ಎಷ್ಟು ಗೆರೆಯವರೆಗೆ ಇಳಿಯಿತು, ಮೇಲಿನ ನೀರು ತಿಳಿಯಾಯಿತೇ ಮಬ್ಬಾಗಿಯೇ ಉಳಿಯಿತೇ, ಕೆಸರಿನ ಬಣ್ಣ ಕಾಫಿಪುಡಿಯಂತಿದೆಯೇ ಕಪ್ಪಗಾಗಿದೆಯೇ ಎಂದು ನೋಡಿದರೆ ಅನುಭವಿ ಆಪರೇಟರ್‌ಗೆ ಅರ್ಧ ಕಥೆ ಗೊತ್ತಾಗುತ್ತದೆ. ಕರೆಂಟ್ ಬಿಲ್ ಉಳಿಸಲೆಂದು ರಾತ್ರಿ ಬ್ಲೋವರ್ ನಿಲ್ಲಿಸಿದ್ದರೆ ಬೆಳಿಗ್ಗೆ ಆ ಜಾಡಿಯೇ ಸಾಕ್ಷಿ ಹೇಳುತ್ತದೆ: ಉಸಿರುಗಟ್ಟಿ ಸತ್ತ ಬ್ಯಾಕ್ಟೀರಿಯಾ, ಕಪ್ಪು ಕೆಸರು, ಕೊಳೆತ ಮೊಟ್ಟೆಯ ವಾಸನೆ. ಆ ನೀರು ರಾಜಕಾಲುವೆಗೆ ಸೇರಿ, ಅಲ್ಲಿಂದ ಕೆರೆ ತಲುಪಿ, ಸೋಪಿನ ಅಂಶದೊಂದಿಗೆ ಕಲಕಿದಾಗ ಬೆಳ್ಳಂದೂರಿನ ನೊರೆ.

ಈ ಜಾಡಿಯ ಮುಂದೆ ನಿಲ್ಲುವವರು ಎಷ್ಟು ಬೇಕಾಗುತ್ತಾರೆ ಎಂಬುದಕ್ಕೂ ಲೆಕ್ಕವಿದೆ. 2024ರ ಬೇಸಿಗೆಯಲ್ಲಿ ನಗರದ ಸುಮಾರು 14,000 ಸರ್ಕಾರಿ ಕೊಳವೆಬಾವಿಗಳ ಪೈಕಿ 6,900ರಷ್ಟು ಬತ್ತಿವೆ ಎಂದು ಸರ್ಕಾರವೇ ಹೇಳಿತ್ತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಗಿ, ನಗರಕ್ಕೆ ಸೇರಿದ 110 ಹಳ್ಳಿಗಳಿಗೆಂದು ದಿನಕ್ಕೆ 77.5 ಕೋಟಿ ಲೀಟರ್ ನೀರು ತರುವ ವ್ಯವಸ್ಥೆಯಾಯಿತು. ಜನ ಸಂಭ್ರಮಿಸಿದ್ದು ಸಹಜ. ಆದರೆ ಸರಬರಾಜಾದ ನೀರಿನ ಶೇ 80ರಷ್ಟು ಕೊಳಚೆಯಾಗಿ ಹಿಂದಿರುಗುತ್ತದೆಂದು ಲೆಕ್ಕ ಹಿಡಿಯುವುದು ಒಳಚರಂಡಿ ವಿನ್ಯಾಸದ ವಾಡಿಕೆ. ಅಂದರೆ ಯೋಜನೆ ಪೂರ್ಣ ಪ್ರಮಾಣದಲ್ಲಿ ಹರಿದಾಗ ದಿನಕ್ಕೆ ಸುಮಾರು 62 ಕೋಟಿ ಲೀಟರ್ ಹೊಸ ಕೊಳಚೆ. ಅದನ್ನು ಸಂಸ್ಕರಿಸುವ, ಪರೀಕ್ಷಿಸುವ, ಸಂಸ್ಕರಣೆ ಆಗಿದೆ ಎಂಬ ವರದಿ ನಿಜವೇ ಎಂದು ನೋಡುವ ಜನ ಎಲ್ಲಿಂದ ಬರುತ್ತಾರೆ ಎಂಬ ಪ್ರಶ್ನೆ ನೀರಿನ ಯೋಜನೆಯದ್ದು ಮಾತ್ರವಲ್ಲ, ಕಾಲೇಜುಗಳದ್ದೂ ಹೌದು.

ಕೋಲಾರದ ಕೆರೆಗಳಲ್ಲಿ ಬಗೆಹರಿಯದ ವಾದ

ಇದೇ ಕೊಳಚೆಯ ಇನ್ನೊಂದು ದಾರಿ ಕೆ.ಸಿ. ವ್ಯಾಲಿ ಯೋಜನೆ. ಬೆಂಗಳೂರಿನಲ್ಲಿ ಎರಡನೇ ಹಂತದವರೆಗೆ, ಅಂದರೆ ಬ್ಯಾಕ್ಟೀರಿಯಾಗಳು ಕೊಳೆ ತಿನ್ನುವ ಹಂತದವರೆಗೆ, ಸಂಸ್ಕರಿಸಿದ ನೀರನ್ನು ಪೈಪಿನಲ್ಲಿ ಒಯ್ದು ಕೋಲಾರದ ಕಡೆಯ ನೂರಕ್ಕೂ ಹೆಚ್ಚು ಕೆರೆಗಳನ್ನು ತುಂಬಿಸುವ ಕೆಲಸ 2018ರಲ್ಲಿ ಆರಂಭವಾಯಿತು. ಕೆಲವೇ ವಾರಗಳಲ್ಲಿ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಕಾಣಿಸಿಕೊಂಡು, ವಿಷಯ ಹೈಕೋರ್ಟ್‌ಗೆ ಹೋಗಿ, ನೀರು ಹರಿಸುವುದು ತಾತ್ಕಾಲಿಕವಾಗಿ ನಿಂತಿತು. ಉಳಿದ ಪೋಷಕಾಂಶ, ರೋಗಾಣುಗಳನ್ನು ತೆಗೆಯುವ ಮೂರನೇ ಹಂತದ ಸಂಸ್ಕರಣೆಯಿಲ್ಲದ ನೀರು ಅಂತರ್ಜಲಕ್ಕೆ ವಿಷ ಬೆರೆಸುತ್ತದೆ ಎಂದು ಒಂದು ಕಡೆಯವರು ಹೇಳುತ್ತಾರೆ. ದಶಕಗಳಿಂದ ಒಣಗಿದ್ದ ಕೆರೆ ತುಂಬಿದೆ, ಬತ್ತಿದ್ದ ಕೊಳವೆಬಾವಿಯಲ್ಲಿ ನೀರು ಬಂದಿದೆ, ಶುದ್ಧತೆಯ ಮಾತು ಆಮೇಲೆ ಎಂದು ಇನ್ನೊಂದು ಕಡೆಯವರು ಹೇಳುತ್ತಾರೆ.

ಎರಡೂ ಕಡೆಯವರು ತಮಗೆ ಗೊತ್ತಿರುವುದನ್ನೇ ಹೇಳುತ್ತಿದ್ದಾರೆ. ನೀರಿನಲ್ಲಿ ಏನಿದೆ ಎಂದು ರಸಾಯನಶಾಸ್ತ್ರ ಹೇಳಬಲ್ಲದು. ಅದು ಕಲ್ಲಿನ ಬಿರುಕುಗಳಲ್ಲಿ ಎಷ್ಟು ವರ್ಷಕ್ಕೆ ಎಲ್ಲಿಗೆ ತಲುಪುತ್ತದೆ ಎಂಬುದು ಭೂವಿಜ್ಞಾನದ ಪ್ರಶ್ನೆ. ಮಣ್ಣಿನಲ್ಲಿ ಲವಣ ಸೇರುತ್ತಿದೆಯೇ ಎಂದು ಕೃಷಿ ವಿಜ್ಞಾನಿ ನೋಡಬೇಕು, ಬೆಂಗಳೂರಿನ ಕೊಳಚೆ ಕೋಲಾರದ ಬರಕ್ಕೆ ಪರಿಹಾರವಾಗುವುದು ನ್ಯಾಯವೇ ಎಂಬುದನ್ನು ಕಾನೂನು ಮತ್ತು ಸಮಾಜವಿಜ್ಞಾನ ಕೇಳಬೇಕು. ಪರಿಸರಕ್ಕೇ ಮೀಸಲಾದ ಪದವಿ ಬೇಕೆನ್ನುವವರ ಬಲವಾದ ವಾದ ಹುಟ್ಟುವುದು ಇಂಥ ಕಡೆಯಲ್ಲೇ: ನಾಲ್ಕು ವಿಷಯದವರು ನಾಲ್ಕು ಕಡೆ ಮುಖ ಮಾಡಿ ನಿಂತರೆ ಕೆರೆಯನ್ನು ಇಡಿಯಾಗಿ ನೋಡುವವರು ಯಾರು?

ಆಳವೋ, ಅಗಲವೋ

ಇಡಿಯಾಗಿ ನೋಡುವುದನ್ನೇ ಪದವಿಯನ್ನಾಗಿಸಿದ ಕಾಲೇಜು ಅಮೆರಿಕದ ಮೇನ್ ರಾಜ್ಯದಲ್ಲಿದೆ. 1969ರಲ್ಲಿ ಸ್ಥಾಪನೆಯಾದ ಕಾಲೇಜ್ ಆಫ್ ದಿ ಅಟ್ಲಾಂಟಿಕ್‌ನಲ್ಲಿ ಎಲ್ಲರಿಗೂ ಒಂದೇ ಪದವಿ, ಮಾನವ ಪರಿಸರಶಾಸ್ತ್ರ. ವಿಭಾಗಗಳೇ ಇಲ್ಲ; ಸಮುದ್ರಜೀವಿಗಳನ್ನು ಓದುವವರೂ ಕಾವ್ಯ ಓದುವವರೂ ಅದೇ ಪದವಿ ಪಡೆಯುತ್ತಾರೆ. ಅಲ್ಲಿ ಅದು ನಡೆಯುತ್ತದೆ, ಯಾಕೆಂದರೆ ವಿದ್ಯಾರ್ಥಿಗಳ ಸಂಖ್ಯೆ ಕೆಲವು ನೂರು ಮಾತ್ರ, ಪದವಿಯ ಹೆಸರು ನೋಡಿ ಅರ್ಜಿ ತಿರಸ್ಕರಿಸುವ ನೇಮಕಾತಿ ನಿಯಮಗಳು ಅವರ ದಾರಿಗೆ ಇಲ್ಲಿನಷ್ಟು ಅಡ್ಡ ಬರುವುದಿಲ್ಲ. ಆ ಮಾದರಿಯನ್ನು ಹಾಗೆಯೇ ಎತ್ತಿ ಇಲ್ಲಿ ನೆಟ್ಟರೆ, ಒಂದು ತರಗತಿಯಲ್ಲಿ ಎಂಬತ್ತು ಮಂದಿ ಕೂತು ಆರು ವಿಷಯಗಳ ಪೀಠಿಕೆಯನ್ನು ಮಾತ್ರ ಓದುವ ಪದವಿ ಹುಟ್ಟುವ ಸಂಭವವೇ ಹೆಚ್ಚು.

ಬೆಂಗಳೂರಿನದೇ ಮಾದರಿ ಬೇಕೆಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ, ವಿಜ್ಞಾನ ಮತ್ತು ತಂತ್ರಜ್ಞಾನವನ್ನು ಹಳ್ಳಿಗಳಿಗೆ ಅನ್ವಯಿಸುವ ಘಟಕ ‘ಆಸ್ತ್ರ’ವನ್ನು ನೋಡಬೇಕು. ಅದನ್ನು ಕಟ್ಟಿದ ಎ.ಕೆ.ಎನ್. ರೆಡ್ಡಿ ವಿದ್ಯುತ್-ರಸಾಯನಶಾಸ್ತ್ರದ ಪ್ರಾಧ್ಯಾಪಕರು. ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮದಲ್ಲಿ ಕೇಂದ್ರ ತೆರೆದು, ಹಳ್ಳಿಯ ಮನೆಗಳಲ್ಲಿ ಸೌದೆ ಎಷ್ಟು ಉರಿಯುತ್ತದೆ, ಅದನ್ನು ತರಲು ಹೆಂಗಸರು ಎಷ್ಟು ನಡೆಯುತ್ತಾರೆ ಎಂದು ಅಳೆದು, ಆ ಅಳತೆಯ ಮೇಲೆ ‘ಆಸ್ತ್ರ ಒಲೆ’ ರೂಪುಗೊಂಡಿತು. ಪುರ ಎಂಬ ಹಳ್ಳಿಯಲ್ಲಿ ಸಗಣಿ ಅನಿಲದಿಂದ ಎಂಜಿನ್ ಓಡಿಸಿ ದೀಪ ಮತ್ತು ಕುಡಿಯುವ ನೀರು ಒದಗಿಸಲಾಯಿತು. ಸಿವಿಲ್ ಎಂಜಿನಿಯರುಗಳು ಒತ್ತಿದ ಮಣ್ಣಿನ ಇಟ್ಟಿಗೆಗಳ ಮೇಲೆ ಕೆಲಸ ಮಾಡಿದರು. ಅದೇ ಆಸ್ತ್ರ ಮುಂದೆ ಸುಸ್ಥಿರ ತಂತ್ರಜ್ಞಾನಗಳ ಕೇಂದ್ರವಾಯಿತು. ಇವರಲ್ಲಿ ಯಾರೂ ಪರಿಸರದ ಪದವಿ ಪಡೆದವರಲ್ಲ. ತಮ್ಮ ವಿಷಯದಲ್ಲಿ ಆಳವಾಗಿ ಇಳಿದಿದ್ದವರು ಒಂದು ಊರನ್ನು ಹಿಡಿದು ಕೂತರು.

ಈ ಉದಾಹರಣೆಯನ್ನು ಎಳೆದಾಡುವುದೂ ಸರಿಯಲ್ಲ. ರೆಡ್ಡಿಯವರಿಗೆ ಆಗಲೇ ಸಂಬಳ, ಪ್ರಯೋಗಾಲಯ, ಹೆಸರು ಇತ್ತು. ವಿಷಯ ಬಿಟ್ಟು ಹಳ್ಳಿಗೆ ಹೋದರೂ ಹೊಟ್ಟೆಪಾಡಿನ ಚಿಂತೆಯಿರಲಿಲ್ಲ. ಹದಿನೆಂಟರ ವಿದ್ಯಾರ್ಥಿಗೆ ಆ ಸವಲತ್ತಿಲ್ಲ. ಮೊದಲು ಸಿವಿಲ್ ಎಂಜಿನಿಯರಿಂಗ್ ಓದು, ಆಮೇಲೆ ಕೆರೆಯ ಕಡೆ ನೋಡಿದರಾಯಿತು ಎಂದು ಹೇಳಿದವರಿಗೆ ಆ ‘ಆಮೇಲೆ’ ಗೃಹಸಾಲದ ಕಂತುಗಳ ನಡುವೆ ಕಳೆದುಹೋಗುವುದು ಚೆನ್ನಾಗಿ ಗೊತ್ತಿದೆ. ಆದ್ದರಿಂದ ಮೊದಲ ವರ್ಷದಿಂದಲೇ ಒಂದು ಗಟ್ಟಿ ವಿಷಯವೂ ಒಂದು ನಿರ್ದಿಷ್ಟ ಜಾಗದ ಕೆಲಸವೂ ಜೊತೆಜೊತೆಗೆ ಸಾಗುವ ಓದು, ಅದರ ಹೆಸರು ಏನೇ ಇರಲಿ, ಬೇರೆಲ್ಲ ಆಯ್ಕೆಗಳಿಗಿಂತ ಮೇಲು.

ಮುಂದೆ ಏನಾಗಬಹುದು

ಮೂರು ವರ್ಷದ ಪದ್ಧತಿ ಹೀಗೆಯೇ ಮುಂದುವರಿದರೆ ಒಂದು ಅಸಮಾನತೆ ನಿಧಾನವಾಗಿ ಬೆಳೆಯುತ್ತದೆ. ನಾಲ್ಕು ವರ್ಷದ ಪದವಿಯಲ್ಲಿ ಶೇ 75 ಅಂಕ ಪಡೆದವರು ಸ್ನಾತಕೋತ್ತರ ಪದವಿಯಿಲ್ಲದೆಯೇ ನೆಟ್ ಬರೆದು ಪಿಎಚ್.ಡಿ.ಗೆ ಹೋಗಬಹುದೆಂದು ಯುಜಿಸಿ 2024ರಲ್ಲಿ ಸ್ಪಷ್ಟಪಡಿಸಿದೆ. ಶುಲ್ಕ ಭರಿಸಬಲ್ಲ ಮನೆಯ ಮಕ್ಕಳು ಖಾಸಗಿ ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷ ಓದಿ ನೇರವಾಗಿ ಸಂಶೋಧನೆಗೆ ಹೋದಾಗ, ಸರ್ಕಾರಿ ಕಾಲೇಜಿನವರು ಮೂರು ಮತ್ತು ಎರಡು, ಒಟ್ಟು ಐದು ವರ್ಷ ಓದಿ ಅದೇ ಬಾಗಿಲಿಗೆ ಬರಬೇಕು. ಹೊರದೇಶದ ಕೆಲವು ವಿಶ್ವವಿದ್ಯಾಲಯಗಳು ಹದಿನಾರು ವರ್ಷದ ಓದನ್ನು ಕೇಳುವುದರಿಂದ ಅಲ್ಲಿಯೂ ಇದೇ ಅಡಚಣೆ. ರಾಜ್ಯ ಸರ್ಕಾರ ಆಯೋಗದ ಅಂತಿಮ ವರದಿಯನ್ನು ಎಷ್ಟರಮಟ್ಟಿಗೆ ಜಾರಿಗೆ ತರುತ್ತದೆ ಎಂಬುದರ ಮೇಲೆ ಇದರ ಮುಂದಿನ ರೂಪ ನಿಂತಿದೆ.

ಎರಡನೆಯದು, ಸುಸ್ಥಿರತೆಯ ಹೆಸರಿನ ಕೋರ್ಸ್‌ಗಳು ಇನ್ನೂ ಕೆಲವು ವರ್ಷ ಹೆಚ್ಚುತ್ತವೆ. ತಾಂತ್ರಿಕ ಶಿಕ್ಷಣದ ನಿಯಂತ್ರಕ ಎಐಸಿಟಿಇ 2024–25ರಿಂದ ಉತ್ತಮ ಎಂಜಿನಿಯರಿಂಗ್ ಕಾಲೇಜುಗಳಿಗೆ ಸೀಟುಗಳ ಮೇಲಿನ ಮಿತಿಯನ್ನು ತೆಗೆದ ನಂತರ ಕಂಪ್ಯೂಟರ್ ಸೈನ್ಸ್ ಸೀಟುಗಳು ಬೆಳೆದು, ಸಿವಿಲ್‌ನಂಥ ಕೋರ್ ಬ್ರ್ಯಾಂಚ್‌ಗಳಿಗೆ ಬರುವವರು ಕಡಿಮೆಯಾಗುತ್ತಿದ್ದಾರೆ. ಒಳಚರಂಡಿ, ರಾಜಕಾಲುವೆ, ಸಂಸ್ಕರಣಾ ಘಟಕಗಳನ್ನು ಕಟ್ಟುವ ವಿಷಯವೇ ಖಾಲಿಯಾಗುತ್ತಿರುವಾಗ ಅದರ ಪಕ್ಕದ ಕೊಠಡಿಯಲ್ಲಿ ಸುಸ್ಥಿರತೆಯ ತರಗತಿ ತುಂಬುವುದು ಒಳ್ಳೆಯ ಲಕ್ಷಣವೇನಲ್ಲ. ಈ ಕಾಲದಲ್ಲಿ ಪರಿಸರದ ಕಾಳಜಿಯಿಂದ ಸಿವಿಲ್ ಆರಿಸಿಕೊಳ್ಳುವ ವಿದ್ಯಾರ್ಥಿಗೆ ಒಳ್ಳೆಯ ಕಾಲೇಜಿನಲ್ಲಿ ಸೀಟು ಸುಲಭವಾಗಿ ಸಿಗುತ್ತದೆ ಎಂಬುದು ಇದರ ಮಗ್ಗುಲಿನ ಒಂದು ಲಾಭ.

ಕಾಲೇಜನ್ನು ನೋಡಲು ಹೋದಾಗ ಪ್ಲೇಸ್‌ಮೆಂಟ್ ಎಷ್ಟು ಎಂದು ಕೇಳುವುದು ವಾಡಿಕೆ. ಪರಿಸರದ ಕೋರ್ಸಿಗೆ ಸೇರುವವರು ಅದರ ಜೊತೆಗೆ ಪ್ರಯೋಗಾಲಯವನ್ನು ತೋರಿಸಿ ಎಂದು ಕೇಳುವುದು ಒಳ್ಳೆಯದು. ನೀರಿನ ಕೊಳೆಯನ್ನು ಅಳೆಯುವ ಬಿಒಡಿ ಪರೀಕ್ಷೆಯಲ್ಲಿ ಮಾದರಿ ತುಂಬಿದ ಗಾಜಿನ ಬಾಟಲಿಗಳನ್ನು 27 ಡಿಗ್ರಿ ಉಷ್ಣತೆಯ ಇನ್‌ಕ್ಯುಬೇಟರ್‌ನಲ್ಲಿ ಮೂರು ದಿನ ಇಡಬೇಕಾಗುತ್ತದೆ. ಅಲ್ಲಿನ ಇನ್‌ಕ್ಯುಬೇಟರ್‌ನ ಪ್ಲಗ್ ಗೋಡೆಯ ಸಾಕೆಟ್ಟಿನಲ್ಲಿದೆಯೇ, ಒಳಗೆ ಬಾಟಲಿಗಳಿವೆಯೇ, ಬಾಟಲಿಯ ಚೀಟಿಯ ಮೇಲೆ ಯಾವ ಕೆರೆಯ ಹೆಸರಿದೆ, ತಾರೀಖು ಈ ವಾರದ್ದೋ ಹೋದ ವರ್ಷದ ತಪಾಸಣೆಯ ದಿನದ್ದೋ ಎಂದು ನೋಡಲು ಐದು ನಿಮಿಷ ಸಾಕು.